ಆರು ಕಾಳು, ಹದಿಮೂರು ದನಿ

ಊರೊಳಗಿನ ಖಾಲಿ ಜಾಗಕ್ಕೆ ಒಂದು ಗುಣವಿದೆ. ಮೊದಲ ವಾರ ಯಾರೋ ಹರಿದ ಹಾಸಿಗೆ ತಂದು ಎಸೆಯುತ್ತಾರೆ. ಮುಂದಿನ ವಾರ ಅದರ ಪಕ್ಕಕ್ಕೆ ಒಡೆದ ಕಮೋಡು ಬರುತ್ತದೆ. ತಿಂಗಳು ತುಂಬುವಷ್ಟರಲ್ಲಿ ಟೈರು, ಬಾಟಲಿ, ತುಕ್ಕು ಹಿಡಿದ ಫ್ರಿಜ್ಜು, ಬಾಯಿ ಕಟ್ಟಿದ ಚೀಲಗಳು. ಚೀಲದೊಳಗೇನಿದೆ ಎಂದು ಬಿಚ್ಚಿ ನೋಡುವ ಧೈರ್ಯ ಯಾರಿಗೂ ಇಲ್ಲ. ಸುತ್ತಲಿನ ಮನೆಗಳು ಅತ್ತ ಕಡೆಯ ಕಿಟಕಿ ಮುಚ್ಚಿಕೊಳ್ಳುತ್ತವೆ. ಹಾಕಿದ್ದು ಯಾರೆಂದು ಕೇಳಿದರೆ ಎಲ್ಲರ ಬೆರಳೂ ಎದುರು ಮನೆಯತ್ತ. ಬೆಂಗಳೂರಿನ ಯಾವ ಬಡಾವಣೆಯವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂಥದೇ ಒಂದು ಜಾಗ, ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಗಿಬ್ ಬೀದಿಯಲ್ಲಿ. ಏಪ್ರಿಲ್ ಬಂದರೂ ಚಳಿ ಬಿಟ್ಟಿಲ್ಲ. ಒಂಬತ್ತು ವರ್ಷದ ಕಿಮ್ ಮನೆಯವರೆಲ್ಲ ಮಲಗಿರುವಾಗಲೇ ಎದ್ದು ಬಂದಿದ್ದಾಳೆ. ವಿಯೆಟ್ನಾಮಿನಲ್ಲಿ ಬೇಸಾಯಗಾರನಾಗಿದ್ದ ಅಪ್ಪ ಇವಳು ಹುಟ್ಟುವುದಕ್ಕೆ ಎಂಟು ತಿಂಗಳು ಮೊದಲೇ ತೀರಿಕೊಂಡಿದ್ದ. ಹಿಂದಿನ ದಿನ ಅವನ ತಿಥಿ. ಅಮ್ಮ, ಅಕ್ಕಂದಿರು ನೆನೆದು ಅತ್ತರು. ಇವಳಿಗೆ ಅಳಲು ಒಂದು ನೆನಪೂ ಇಲ್ಲ. ಅಡುಗೆಮನೆಯ ಡಬ್ಬಿಯಿಂದ ಒಣಗಿದ ಲೈಮಾ ಬೀನ್ಸ್ ಕಾಳು, ನಮ್ಮ ಸಂತೆಯಲ್ಲಿ ಡಬಲ್ ಬೀನ್ಸ್ ಎಂದು ಮಾರುತ್ತಾರಲ್ಲ ಅದು, ತೆಗೆದುಕೊಂಡು ಬಂದು ಒಂದು ಹಳೇ ಫ್ರಿಜ್ಜಿನ ಮರೆಯಲ್ಲಿ ಕೂತು ಚಮಚದಲ್ಲಿ ಆರು ಗುಂಡಿ ತೋಡುತ್ತಾಳೆ. ಬೀಜ ಮೊಳೆಸಬಲ್ಲ ಮಗಳು ತಾನೆಂದು ಅಪ್ಪನಿಗೆ ಗೊತ್ತಾಗಬೇಕು. ಅವಳಿಗೆ ಬೇಕಿರುವುದು ಅಷ್ಟೇ.

ಪಾಲ್ ಫ್ಲೈಶ್‌ಮನ್ ಅವರ 'ಸೀಡ್‌ಫೋಕ್ಸ್' ಎಂಬ ಮಕ್ಕಳ ಕಾದಂಬರಿ ಶುರುವಾಗುವುದು ಹೀಗೆ. 1997ರಲ್ಲಿ ಬಂದ ಈ ಪುಸ್ತಕ ಅಮೆರಿಕದ ಶಾಲೆಗಳಲ್ಲಿ ಇಂದಿಗೂ ಪಾಠವಾಗುತ್ತಿದೆ. ಕಡಲಾಚೆ ನೆಲೆಸಿದ ಕನ್ನಡದ ಮನೆಗಳಲ್ಲಿ ಮಗಳ ಶಾಲೆಯ ಚೀಲದಿಂದ ಇದು ಹೊರಬಿದ್ದದ್ದನ್ನು ಕಂಡ ತಾಯಿ ತಂದೆಯರೂ ಇರುತ್ತಾರೆ. ಅವರು 'ಅಕ್ಕಪಕ್ಕದವರು ಸೇರಿ ತೋಟ ಮಾಡುವ ಕಥೆ' ಎಂದು ಹೇಳಿ ಸುಮ್ಮನಾದರೆ ತಪ್ಪೇನಲ್ಲ. ಆದರೆ ಅಷ್ಟೇ ಆಗಿದ್ದರೆ ಪುಸ್ತಕ ಇಷ್ಟು ಕಾಲ ಬಾಳುತ್ತಿರಲಿಲ್ಲ.

ದನಿಗಳ ಕಸುಬುದಾರ

ಫ್ಲೈಶ್‌ಮನ್ ಹುಟ್ಟಿದ್ದು 1952ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ತಂದೆ ಸಿಡ್ ಫ್ಲೈಶ್‌ಮನ್ ಕೂಡ ಮಕ್ಕಳ ಸಾಹಿತಿ. ಬರೆಯುತ್ತಿದ್ದ ಕಾದಂಬರಿಯ ಅಧ್ಯಾಯಗಳನ್ನು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓದಿ ಹೇಳುತ್ತಿದ್ದವರು. ಮಕ್ಕಳ ಪುಸ್ತಕಗಳಿಗೆ ಅಮೆರಿಕದಲ್ಲಿ ಕೊಡುವ ದೊಡ್ಡ ಗೌರವವಾದ ನ್ಯೂಬೆರಿ ಪದಕ 1987ರಲ್ಲಿ ತಂದೆಗೆ ಬಂತು, 1989ರಲ್ಲಿ ಮಗನಿಗೆ. ಅಪ್ಪ, ಮಗ ಇಬ್ಬರೂ ಅದನ್ನು ಪಡೆದ ಉದಾಹರಣೆ ಬೇರೆ ಇಲ್ಲ.

ಮಗನಿಗೆ ಪದಕ ತಂದುಕೊಟ್ಟದ್ದು ಇಬ್ಬರು ಒಟ್ಟಿಗೆ ಗಟ್ಟಿಯಾಗಿ ಓದಲೆಂದೇ ಬರೆದ, ಹುಳುಹುಪ್ಪಟೆಗಳ ಮೇಲಿನ ಕವಿತೆಗಳ ಸಂಕಲನ. 1993ರಲ್ಲಿ ಬಂದ 'ಬುಲ್ ರನ್' ಕಾದಂಬರಿಯಲ್ಲಿ ಅಮೆರಿಕದ ಅಂತರ್ಯುದ್ಧದ ಒಂದು ಕದನವನ್ನು ಹದಿನಾರು ಜನರ ಬಾಯಲ್ಲಿ ಹೇಳಿಸಿದರು. ಒಂದು ಘಟನೆ, ಹಲವು ಬಾಯಿ: ಇದು ಅವರ ಕೈಯಲ್ಲಿ ಪಳಗಿದ್ದ ಕಸುಬು. 'ಸೀಡ್‌ಫೋಕ್ಸ್'ನಲ್ಲಿ ಹದಿಮೂರು ಜನ ಮಾತಾಡುತ್ತಾರೆ. ಒಬ್ಬೊಬ್ಬರಿಗೆ ಒಂದೇ ಸರದಿ, ಅದೂ ಕೆಲವೇ ಪುಟ. ತಮ್ಮ ಮಾತು ಮುಗಿಸಿ ಹೋದವರು ಇನ್ನೊಬ್ಬರ ಕಥೆಯಲ್ಲಿ ದೂರದಲ್ಲಿ ನೀರು ಹಾಕುತ್ತಲೋ ಕಳೆ ಕೀಳುತ್ತಲೋ ಕಾಣಿಸಿಕೊಳ್ಳುತ್ತಾರೆ. ಇಡೀ ಪುಸ್ತಕವನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.

ತೋಟಗಾರಿಕೆಯನ್ನು ಚಿಕಿತ್ಸೆಯಾಗಿ ಬಳಸುತ್ತಿದ್ದ ಮನೋಚಿಕಿತ್ಸಕಿಯೊಬ್ಬರ ಬಗ್ಗೆ ಪತ್ರಿಕೆಯಲ್ಲಿ ಓದಿದ್ದು ಈ ಪುಸ್ತಕಕ್ಕೆ ಮೂಲ ಎಂದು ಲೇಖಕರೇ ಬರೆದಿದ್ದಾರೆ. ಮಾಜಿ ಸೈನಿಕರ ಆಸ್ಪತ್ರೆಯ ತೋಟದಲ್ಲಿ ಲೇಖಕರ ತಾಯಿ ಸ್ವಯಂಸೇವಕಿಯಾಗಿ ದುಡಿದಿದ್ದರಂತೆ. ಹಾಗಾಗಿ ಮಣ್ಣು ಮುಟ್ಟಿದರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ ಪುಸ್ತಕದ ತಳದಲ್ಲಿ ಇದ್ದೇ ಇದೆ. ಪುಣ್ಯಕ್ಕೆ ಅದನ್ನವರು ಉಪದೇಶ ಮಾಡಲು ಹೋಗಿಲ್ಲ.

ನಗರವೊಂದು ಬರಿದಾದ ಬಗೆ

ತೋಟದ ಮಾತಿಗೆ ಮುಂಚೆ ಜಾಗದ ಮಾತು. ಒಂದು ದೊಡ್ಡ ಕೈಗಾರಿಕಾ ನಗರದ ನಡುಮಧ್ಯೆ ಯಾರಿಗೂ ಬೇಡದ ನೆಲ ಬಿದ್ದಿರುವುದಾದರೂ ಹೇಗೆ? ಒಂದೊಂದು ಚದರಡಿಗೂ ಕಿತ್ತಾಡುವ ನಮಗೆ ಇದು ವಿಚಿತ್ರವೇ.

ಕ್ಲೀವ್‌ಲ್ಯಾಂಡ್ ಇರುವುದು ಈರಿ ಸರೋವರದ ದಂಡೆಯಲ್ಲಿ. ರಾಕ್‌ಫೆಲರ್ 1870ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಕಟ್ಟಿದ್ದು ಇಲ್ಲೇ. ಉಕ್ಕಿನ ಕುಲುಮೆಗಳು ಕರೆದಾಗ ಪೂರ್ವ ಯುರೋಪಿನಿಂದ ಸ್ಲೊವಾಕರು, ಪೋಲಿಷರು, ಹಂಗೇರಿಯನ್ನರು, ದಕ್ಷಿಣದಿಂದ ಇಟಲಿಯವರು ಹಡಗು ಹತ್ತಿ ಬಂದರು. ಅವರ ಬೆನ್ನಿಗೇ ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ ಹೊಲ ಬಿಟ್ಟು ಕಪ್ಪು ಜನ ಬಂದರು. 1950ರಲ್ಲಿ ನಗರದ ಜನಸಂಖ್ಯೆ 9,14,808.

ಆಮೇಲೆ ಇಳಿಮುಖ. ಬಿಳಿಯರು ಕಾರು ಕೊಂಡು ಉಪನಗರಗಳಿಗೆ ಹೋದರು. ಕಾರ್ಖಾನೆಗಳು ಬೇರೆಡೆಗೆ ಹೋದವು, ಇಲ್ಲವೇ ಮುಚ್ಚಿದವು. 1966ರಲ್ಲಿ ಹಫ್ ಎಂಬ ಬಡಾವಣೆಯಲ್ಲಿ ಜನಾಂಗೀಯ ದಂಗೆ ಎದ್ದಿತು. 1969ರಲ್ಲಿ ಎಣ್ಣೆ ಹರಿದು ಹರಿದು ಕಯಹೋಗ ನದಿಗೇ ಬೆಂಕಿ ಹತ್ತಿ ದೇಶವೆಲ್ಲ ನಕ್ಕಿತು. 1978ರಲ್ಲಿ ನಗರಾಡಳಿತ ಸಾಲ ತೀರಿಸಲಾಗದೆ ಕೈಯೆತ್ತಿತು. 1990ರ ಹೊತ್ತಿಗೆ ಜನಸಂಖ್ಯೆ 5,05,616ಕ್ಕೆ ಬಂದಿತ್ತು, 2020ರಲ್ಲಿ 3,72,624ಕ್ಕೆ. ಎಪ್ಪತ್ತು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇಲ್ಲವಾದರು.

ಜನ ಹೋದ ಮೇಲೆ ಉಳಿದ ಮನೆ ಯಾರಿಗೆ ಬೇಕು? ಮಾಲೀಕ ಕಂದಾಯ ಕಟ್ಟುವುದು ನಿಲ್ಲಿಸುತ್ತಾನೆ. ಬಾಡಿಗೆಗೆ ಯಾರೂ ಬಾರದೆ ಕಟ್ಟಡ ಸೊರಗುತ್ತದೆ, ಒಮ್ಮೊಮ್ಮೆ ಬೆಂಕಿ ಬೀಳುತ್ತದೆ. ಕೊನೆಗೆ ನಗರಾಡಳಿತ ಬಂದು ಕೆಡವುತ್ತದೆ, ಬಾಕಿಗೆ ಬದಲಾಗಿ ನೆಲ ಅದರ ಲೆಕ್ಕಕ್ಕೆ ಸೇರುತ್ತದೆ. ಹೀಗೆ ಸಾಲುಮನೆಗಳ ನಡುವೆ ಉದುರಿದ ಹಲ್ಲಿನಂತೆ ಸಾವಿರಾರು ಖಾಲಿ ಜಾಗ. ಗಿಬ್ ಬೀದಿಯದು ಅದರಲ್ಲೊಂದು.

ಜನ ಹೋದರು ಎನ್ನುವುದೂ ಪೂರ್ತಿ ನಿಜವಲ್ಲ. ಹೋದವರ ಮನೆಗಳಿಗೆ ಹೊಸಬರು ಬಂದರು: ವಿಯೆಟ್ನಾಮ್, ಗ್ವಾಟೆಮಾಲ, ಹೈಟಿ, ಕೊರಿಯಾ, ಮೆಕ್ಸಿಕೊ, ಭಾರತ. ಯಾರ ಭಾಷೆ ಯಾರಿಗೂ ತಿಳಿಯದು. ಫ್ಲೈಶ್‌ಮನ್ ಹಿಡಿದದ್ದು ಈ ಗಳಿಗೆಯನ್ನು.

ಮೊದಲ ನೋಟ, ಸಂಶಯದ್ದು

ಕಿಮ್‌ಳನ್ನು ಮೊದಲು ಕಂಡವಳು ಆನಾ. ರೊಮೇನಿಯಾದಿಂದ ಬಂದ ಮನೆತನದವಳು, 1919ರಿಂದ ಇದೇ ಬೀದಿಯಲ್ಲಿದ್ದಾಳೆ. ಅಲೆ ಅಲೆಯಾಗಿ ಬಂದುಹೋದ ಜನರನ್ನೆಲ್ಲ ಕಿಟಕಿಯಲ್ಲೇ ಕೂತು ನೋಡಿದವಳಿಗೆ ಟೀವಿ ಬೇಕಿಲ್ಲ. ಚಿಕ್ಕ ಹುಡುಗಿಯೊಂದು ಅತ್ತಿತ್ತ ನೋಡುತ್ತ ಕದ್ದು ಏನೋ ಹೂಳುತ್ತಿದೆ. ಮಾದಕವಸ್ತುವೋ, ಕದ್ದ ಹಣವೋ, ಪಿಸ್ತೂಲೋ? ಅಜ್ಜಿ ಚಾಕು ಹಿಡಿದು ಹೋಗಿ ಕೆದಕುತ್ತಾಳೆ. ಕೈಗೆ ಸಿಕ್ಕಿದ್ದು ಮೊಳಕೆ ಬಿಟ್ಟ ಕಾಳು.

ಕಾದಂಬರಿಯ ಅತ್ಯುತ್ತಮ ಭಾಗ ಇದೇ ಎಂಬುದು ನನ್ನ ಎಣಿಕೆ. ಸಮುದಾಯದ ತೋಟವೊಂದರ ಕಥೆಯಲ್ಲಿ ಎರಡನೆಯವಳು ಮಾಡುವ ಕೆಲಸ ಮೊದಲನೆಯವಳ ಬಿತ್ತನೆಯನ್ನು ಅಗೆದು ಹಾಳುಮಾಡುವುದು. ಅವಳು ಕೆಟ್ಟವಳಲ್ಲ, ಆ ಬೀದಿಯಲ್ಲಿ ಅಷ್ಟು ವರ್ಷ ಬಾಳಿದವರಿಗೆ ಬರುವ ಬುದ್ಧಿಯೇ ಅದು. ನಾಚಿ, ಕಾಳನ್ನು ಮತ್ತೆ ಹೂತು, ಅಂದಿನಿಂದ ದುರ್ಬೀನು ಹಿಡಿದು ಕಾವಲು ಕೂರುತ್ತಾಳೆ.

ಒಂದು ದಿನ ಗಿಡ ಬಾಡಿದೆ, ಹುಡುಗಿಯ ಸುಳಿವಿಲ್ಲ, ಆನಾಳ ಕಾಲು ಉಳುಕಿದೆ. ಕೆಳಗಿನ ಮನೆಯ ವೆಂಡೆಲ್‌ಗೆ ಫೋನು ಮಾಡಿ ನೀರು ಹಾಕಲು ಅಟ್ಟುತ್ತಾಳೆ. ವೆಂಡೆಲ್ ಶಾಲೆಯೊಂದರಲ್ಲಿ ಕಸ ಗುಡಿಸಿ ನೆಲ ಒರೆಸುವವನು. ಮಗ ಬೀದಿಯಲ್ಲಿ ಗುಂಡೇಟಿಗೆ ಸತ್ತ ಸುದ್ದಿ, ಹೆಂಡತಿ ಕಾರು ಅಪಘಾತದಲ್ಲಿ ಹೋದ ಸುದ್ದಿ, ಎರಡೂ ಬಂದದ್ದು ಫೋನಿನಲ್ಲಿ. ಗಂಟೆ ಬಾರಿಸಿದರೆ ಅವನ ಎದೆ ನಡುಗುತ್ತದೆ. ಕೆಂಟಕಿಯ ಹೊಲಗದ್ದೆಯಲ್ಲಿ ಬೆಳೆದವನಾದ್ದರಿಂದ ಗಿಡ ಕಂಡ ಕೂಡಲೇ ಕೈ ತಾನಾಗಿ ಸುತ್ತ ಮಣ್ಣು ಏರಿಸಿ ಪಾತಿ ಕಟ್ಟುತ್ತದೆ. ಅಷ್ಟರಲ್ಲಿ ಹುಡುಗಿ ಬಂದು ಗಾಬರಿಯಾಗುತ್ತಾಳೆ. ಇಬ್ಬರ ನಡುವೆ ಹೇಳಿಕೊಳ್ಳುವಂಥ ಮಾತೇ ನಡೆಯುವುದಿಲ್ಲ. ಆದರೂ ವೆಂಡೆಲ್ ತನಗೂ ಒಂದು ತುಂಡು ನೆಲ ಹಸನು ಮಾಡಲು ಹೊರಡುತ್ತಾನೆ.

ಒಗ್ಗಟ್ಟು ಯಾರಿಗೆ ಬೇಕಿತ್ತು

ಇಲ್ಲಿಂದ ಮುಂದೆ ಒಬ್ಬೊಬ್ಬರಾಗಿ ಬರುತ್ತಾರೆ. ನೆರೆಹೊರೆ ಕೂಡಿಸಬೇಕು ಎಂದು ಬಂದವರನ್ನು ಹುಡುಕಿದರೆ ಸಿಗುವುದು ಕಷ್ಟ. ಪುಸ್ತಕ ಗಟ್ಟಿಯಾಗಿ ನಿಂತಿರುವುದು ಇದರ ಮೇಲೆ.

ಹೈಟಿಯ ಹುಡುಗ ವರ್ಜಿಲ್‌ನ ಅಪ್ಪ ಟ್ಯಾಕ್ಸಿ ಓಡಿಸುವವನು. ದುಬಾರಿ ಹೋಟೆಲುಗಳಿಗೆ ಎಳೆಯ ಲೆಟಿಸ್ ಸೊಪ್ಪು ಮಾರಿ ದುಡ್ಡು ಮಾಡುವ ಲೆಕ್ಕಾಚಾರ ಅವನದು. ಪಾಲಿಗಿಂತ ಎಷ್ಟೋ ಹೆಚ್ಚು ನೆಲ ಬಳಸಿಕೊಂಡು, ಕೇಳಿದವರಿಗೆ ನೆಂಟರಿಷ್ಟರ ಹೆಸರು ಹೇಳುತ್ತಾನೆ. ಮಗನಿಗೆ ಅಪ್ಪನ ಸುಳ್ಳು ಕೇಳಿ ನೆಲ ಬಾಯಿಬಿಡಬಾರದೇ ಅನ್ನಿಸುತ್ತದೆ. ಸುಡುಬಿಸಿಲಿಗೆ ಸೊಪ್ಪು ಸೊರಗಿ, ಹುಳ ಬಿದ್ದು ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಇಪ್ಪತ್ತೆಂಟರ ಕರ್ಟಿಸ್ ಮೈಕಟ್ಟಿನ ಗೀಳಿನವನು. ಬಿಟ್ಟುಹೋದ ಹುಡುಗಿ ಲಟೀಶಾಳ ಮನೆಯ ಕಿಟಕಿಗೆ ಕಾಣುವ ಹಾಗೆ ಅವಳಿಗಿಷ್ಟವಾದ ಟೊಮೆಟೊ ಬೆಳೆಯುತ್ತಾನೆ. ಅವನ ಬೇಸಾಯದ ಗುರಿ ಅವಳೊಬ್ಬಳೇ. ಕಳ್ಳರ ಕಾಟ ಶುರುವಾದಾಗ ಮನೆಯಿಲ್ಲದೆ ಅಲೆಯುವ ಹುಡುಗನೊಬ್ಬನನ್ನು ಕಾವಲಿಗಿಡುತ್ತಾನೆ. ಹದಿನಾರರ ಮಾರಿಸೆಲಾಗೆ ತೋಟವೇ ಬೇಡ. ಬಸುರಿಯಾದ ಹುಡುಗಿಯರಿಗಾಗಿ ನಡೆಯುವ ಕಾರ್ಯಕ್ರಮದವರು ಎಳೆದುಕೊಂಡು ಬಂದಿದ್ದಾರೆ, ಹೊಟ್ಟೆಯಲ್ಲಿರುವುದು ಇಲ್ಲವಾದರೆ ಸಾಕೆಂದು ಅವಳು ಕಾಯುತ್ತಿದ್ದಾಳೆ. ಮಕ್ಕಳ ಪುಸ್ತಕದಲ್ಲಿ ಇಷ್ಟನ್ನು ಹೇಳಿಸಲು ಧೈರ್ಯ ಬೇಕು.

ಗೊನ್ಸಾಲೊ ಎಂಬ ಹುಡುಗನ ಕಥೆ ಬೇರೆ ಬಗೆಯದು. ಗ್ವಾಟೆಮಾಲದಿಂದ ಬಂದ ಅವನು ಟೀವಿಯ ಕಾರ್ಟೂನು ನೋಡಿ ಇಂಗ್ಲಿಷ್ ಕಲಿತ. ಮನೆಯ ಹಿರಿಯರಿಗೆ ಅದು ಬಾರದು. ಅಂಗಡಿ, ಫೋನು, ಎಲ್ಲಕ್ಕೂ ಮಗನೇ ಬೇಕು. ಅವರೆಲ್ಲ ಇವನ ಕಣ್ಣೆದುರೇ ಚಿಕ್ಕವರಾಗುತ್ತ ಹೋಗುತ್ತಾರೆ. ಮುದುಕ ಹುವಾನ್ ತಾತನಂತೂ ಸ್ಪ್ಯಾನಿಷ್ ಕೂಡ ಬಾರದವನು, ತನ್ನ ಹಳ್ಳಿಯ ಭಾಷೆಯೊಂದನ್ನು ಬಿಟ್ಟು. ಇಡೀ ದಿನ ಮನೆಯಲ್ಲಿ ಅಲೆದಾಡುವ ಅವನನ್ನು ನೋಡಿಕೊಳ್ಳುವುದು ಹುಡುಗನಿಗೆ ಒಂದು ಪೀಡೆ. ಆದರೆ ಖಾಲಿ ಜಾಗಕ್ಕೆ ಕಾಲಿಟ್ಟದ್ದೇ ಮುದುಕ ಬಿಸಿಲು ಎತ್ತ ಬೀಳುತ್ತದೆಂದು ನೋಡುತ್ತಾನೆ, ಮಣ್ಣು ಹಿಡಿದು ಪರೀಕ್ಷಿಸುತ್ತಾನೆ, ಸಾಲು ಹೊಡೆಯುತ್ತಾನೆ. ಹಳ್ಳಿಯಲ್ಲಿ ಹತ್ತಾರು ಜನಕ್ಕೆ ಬುದ್ಧಿ ಹೇಳುತ್ತಿದ್ದ ರೈತ ಹುಡುಗನ ಮುಂದೆ ಮತ್ತೆ ಎದ್ದು ನಿಲ್ಲುತ್ತಾನೆ. ಹಳ್ಳಿಯ ಅಪ್ಪ ಅಮ್ಮಂದಿರನ್ನು ಅಪಾರ್ಟ್‌ಮೆಂಟಿಗೆ ಕರೆತಂದು ಕೂರಿಸಿದವರು ಈ ಅಧ್ಯಾಯವನ್ನು ಎರಡು ಸಲ ಓದಬೇಕು.

ಕಸ, ನೀರು, ಲಾಳಿಕೆ

ಹೀಗೆ ತಂತಮ್ಮ ಕಾರಣಕ್ಕೆ ಬಂದವರು ಒಬ್ಬರನ್ನೊಬ್ಬರು ಮಾತಾಡಿಸಿದ್ದಾದರೂ ಯಾವಾಗ? ತೊಂದರೆ ಎದುರಾದಾಗ. ಫ್ಲೈಶ್‌ಮನ್ ಸದ್ಭಾವನೆಯನ್ನು ನೆಚ್ಚಿಲ್ಲ. ಅವರು ನೆಚ್ಚಿರುವುದು ಕಸವನ್ನು, ನೀರಿನ ಅಭಾವವನ್ನು.

ಕಸ ತೆಗೆಸಿದವಳು ಲಿಯೋನಾ, ಅಟ್ಲಾಂಟಾದಿಂದ ಬಂದ ಕಪ್ಪು ಹೆಂಗಸು. ಸರ್ಕಾರಿ ಕಚೇರಿಗಳಿಗೆ ಫೋನಿನ ಮೇಲೆ ಫೋನು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಇನ್ನೊಂದೆಡೆಗೆ ದಾಟಿಸುತ್ತಾರೆ, ಕಾಯಿಸುತ್ತಾರೆ. ಜಾಗ ನಗರಾಡಳಿತದ್ದೇ ಎಂಬುದಷ್ಟು ಪತ್ತೆಯಾಗುತ್ತದೆ. ಫೋನಿನಲ್ಲಿ ವಾಸನೆ ತಲುಪುವುದಿಲ್ಲವೆಂದು ಅರಿತವಳೇ ಅದೇ ಜಾಗದ ಕೊಳೆತ ಕಸವನ್ನು ಚೀಲಕ್ಕೆ ತುಂಬಿ ಆರೋಗ್ಯ ಇಲಾಖೆಗೆ ಒಯ್ದು, ಬಾಯಿ ಬಿಚ್ಚಿ ಕೂರುತ್ತಾಳೆ. ಬೇಗನೆ ಒಳಗೆ ಕರೆಯುತ್ತಾರೆ! ಕೆಲವೇ ದಿನಗಳಲ್ಲಿ ಆಳುಗಳು ಬಂದು ಜಾಗ ಬಳಿದು ಹೋಗುತ್ತಾರೆ. ನಮ್ಮ ವಾರ್ಡಿನ ಕಚೇರಿಗಳಲ್ಲಿ ಈ ಉಪಾಯ ನಡೆದೀತೇ ಎಂದು ಯೋಚಿಸದೆ ಮುಂದಿನ ಪುಟ ತಿರುವಿದ ಓದುಗ ಇರಲಾರ.

ನೀರಿನದು ಇನ್ನೂ ದೊಡ್ಡ ಬಿಕ್ಕಟ್ಟು. ಜಾಗದಲ್ಲಿ ನಲ್ಲಿಯಿಲ್ಲ. ಬಿಸಿಲು ಏರಿದಂತೆ ಎಲ್ಲರೂ ಮನೆಯಿಂದ ಕ್ಯಾನು, ಜಗ್ಗು ಹೊರಬೇಕು. ಬದುಕಿಡೀ ಶಾಂತಿ ಸಂಘಟನೆಗಳಿಗೆ ದುಡಿದ ಎಪ್ಪತ್ತೆಂಟರ ಯೆಹೂದಿ ಸ್ಯಾಮ್ ಮಕ್ಕಳಿಗೊಂದು ಪಂದ್ಯ ಹೂಡುತ್ತಾನೆ: ಒಳ್ಳೆಯ ಉಪಾಯ ಹೇಳಿದವರಿಗೆ ಇಪ್ಪತ್ತು ಡಾಲರ್. ಗೆದ್ದದ್ದು ಒಬ್ಬ ಪುಟ್ಟ ಹುಡುಗಿ. ಸುತ್ತಲಿನ ಕಟ್ಟಡಗಳ ಚಾವಣಿಯಿಂದ ಇಳಿಯುವ ಮಳೆನೀರಿನ ಪೈಪುಗಳ ಬಾಯಿಗೆ ಡ್ರಮ್ಮು ಇಡಿ ಅಂದಳು. ಮಳೆಕೊಯ್ಲು ಎಂದು ನಾವು ದಶಕಗಳಿಂದ ಫಲಕ ಬರೆಸಿಕೊಂಡು ಬಂದಿರುವುದೂ ಇದನ್ನೇ.

ಡ್ರಮ್ಮಿನಿಂದ ಸಣ್ಣ ಬಾಯಿಯ ಡಬ್ಬಿಗೆ ನೀರು ತುಂಬುವಾಗ ಅರ್ಧ ಚೆಲ್ಲುತ್ತಿತ್ತು. ಅದನ್ನು ಗಮನಿಸಿದವಳು ಸೇ ಯಂಗ್, ಡ್ರೈಕ್ಲೀನಿಂಗ್ ಅಂಗಡಿಯ ಕೊರಿಯನ್ ಹೆಂಗಸು. ಅಂಗಡಿಗೆ ನುಗ್ಗಿದ ಕಳ್ಳನ ಹೊಡೆತ ತಿಂದ ಮೇಲೆ ಮನುಷ್ಯರೆಂದರೆ ಭಯ, ಮನೆ ಬಿಟ್ಟು ಹೊರಬರುತ್ತಿರಲಿಲ್ಲ. ತೋಟದಲ್ಲೂ ಯಾರ ಹತ್ತಿರವೂ ಸುಳಿಯದೆ ಮೆಣಸಿನ ಗಿಡ ನೆಟ್ಟಿದ್ದಾಳೆ. ಲಾಳಿಕೆಗಳನ್ನು ಕೊಂಡು ತಂದು ಡ್ರಮ್ಮುಗಳ ಬಳಿ ಇಟ್ಟು ಬರುತ್ತಾಳೆ. ಯಾರೋ ಅದನ್ನೆತ್ತಿ ಬಳಸಿದ್ದನ್ನು ದೂರದಿಂದ ಕಂಡು ಅವಳಿಗಾಗುವ ಸಂತೋಷಕ್ಕೆ ಮಿತಿಯಿಲ್ಲ. ಸಮುದಾಯ ಎಂಬ ದೊಡ್ಡ ಮಾತು ಇಲ್ಲಿ ಕೆಲವು ರೂಪಾಯಿಯ ಪ್ಲಾಸ್ಟಿಕ್ಕಿಗೆ ಇಳಿದಿದೆ, ನನಗಂತೂ ಅದು ಹೆಚ್ಚು ನಂಬಲರ್ಹ.

ತೋಟದೊಳಗೂ ಗಡಿ

ಜಾಗ ಹಸಿರಾದ ಮೇಲೆ ಸ್ಯಾಮ್ ಸುತ್ತ ಕಣ್ಣಾಡಿಸಿ ಕಾಣುವುದು ಇಷ್ಟು: ಕಪ್ಪು ಜನ ಒಂದು ಬದಿಗೆ, ಬಿಳಿಯರು ಇನ್ನೊಂದು ಬದಿಗೆ, ಮಧ್ಯ ಅಮೆರಿಕದವರೂ ಏಷ್ಯಾದವರೂ ಹಿಂಭಾಗಕ್ಕೆ. ನಗರದ ನಕ್ಷೆಯೇ ಮಡಿಗಳ ಮೇಲೂ ಬಿದ್ದಿದೆ. ಕೆಲವರು ಬೇಲಿ ಹಾಕಿದ್ದಾರೆ, ಒಳಗೆ ಬರಬೇಡಿ ಎಂದು ಹಲಗೆ ತೂಗಿದ್ದಾರೆ. ಜೀವಮಾನವಿಡೀ ಶಾಂತಿಗಾಗಿ ದುಡಿದ ಮುದುಕನಿಗೆ ಕಾಣದೇ ಇರುತ್ತದೆಯೇ?

ಗಡಿ ಸಡಿಲವಾಗುವುದನ್ನು ನಾವು ನೋಡುವುದು ಅಮೀರನ ಕಣ್ಣಿನಿಂದ. ದೆಹಲಿಯಿಂದ ಬಂದ ಬಟ್ಟೆ ಅಂಗಡಿಯವನು ಈತ. ಭಾರತದ ಊರುಗಳಲ್ಲಿ ಜನಜಂಗುಳಿ, ಆದರೂ ಬೀದಿಯವರೆಲ್ಲ ಪರಿಚಿತರು. ಇಲ್ಲಿ ಎದುರು ಬಂದವರ ಮುಖ ನೋಡಬಾರದೆಂಬುದೇ ರೀತಿ. ಅವನ ಮಡಿಯ ನೇರಳೆ ಬದನೆಕಾಯಿ ಜನರನ್ನು ನಿಲ್ಲಿಸುತ್ತದೆ. ಇದೇನು, ಹೇಗೆ ಬೇಯಿಸುತ್ತೀರಿ ಎಂದು ಮಾತಿಗೆ ಬರುತ್ತಾರೆ. ಹಿಂದೊಮ್ಮೆ ಅಂಗಡಿಯಲ್ಲಿ ಜಗಳ ತೆಗೆದು ಹೊಲಸು ಪರದೇಶಿ ಎಂದು ಬೈದು ಹೋದ ಇಟಲಿಯ ಹೆಂಗಸೇ ಬದನೆಯನ್ನು ಹೊಗಳುತ್ತ ನಿಲ್ಲುತ್ತಾಳೆ.

ಪಕ್ಕದ ಮಡಿ ಒಬ್ಬ ಪೋಲಿಷ್ ಮುದುಕಿಯದು. ಕ್ಯಾರೆಟ್ ಒತ್ತೊತ್ತಾಗಿ ಹುಟ್ಟಿದೆ. ಬೇಡದ ಸಸಿ ಕಿತ್ತರೆ ಮಿಕ್ಕವು ದಪ್ಪವಾಗುತ್ತವೆಂದು ಬೇಸಾಯ ಬಲ್ಲ ಯಾರಿಗೂ ಗೊತ್ತು. ಅವಳು ಕೀಳಲೊಲ್ಲಳು. ಯಾಕೆಂದರೆ ನಾತ್ಸಿಗಳ ಶಿಬಿರದಲ್ಲಿ ದಿನಾ ಬೆಳಗ್ಗೆ ಸಾಲಾಗಿ ನಿಲ್ಲಿಸಿ, ಗಟ್ಟಿಮುಟ್ಟಾದವರನ್ನು ಒಂದೆಡೆಗೆ, ಸಾಯಬೇಕಾದವರನ್ನು ಇನ್ನೊಂದೆಡೆಗೆ ಆರಿಸುತ್ತಿದ್ದ ನೆನಪು ಬರುತ್ತದೆ. ಪೋಲೆಂಡಿನವರ ಬಗ್ಗೆ ಅಮೀರ್ ಅಮೆರಿಕದಲ್ಲಿ ಕೇಳಿದ್ದು ಬರೀ ಹಗುರ ಮಾತು. ಈ ಎರಡು ಪುಟಕ್ಕಾಗಿಯೇ ಪುಸ್ತಕವನ್ನು ಮಕ್ಕಳ ಕೈಗೆ ಕೊಡಬಹುದು.

ಒಂದು ರಾತ್ರಿ ತೋಟದ ಹತ್ತಿರ ಯಾರೋ ಚಾಕು ತೋರಿಸಿ ಹೆಂಗಸೊಬ್ಬಳ ಪರ್ಸು ಕಿತ್ತು ಓಡುತ್ತಾನೆ. ಅಮೀರನೂ ಇನ್ನಿಬ್ಬರೂ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾರೆ. ಹಿಡಿದ ಮೇಲೆ ಅವರಿಗೇ ಬೆರಗು. ಇದು ಕಥೆಯ ಉತ್ಪ್ರೇಕ್ಷೆ ಎನ್ನುವವರಿಗೆ ಫಿಲಡೆಲ್ಫಿಯಾದ ಒಂದು ಅಧ್ಯಯನ ಉತ್ತರ ಕೊಟ್ಟೀತು. ಸಂಶೋಧಕರು ಅಲ್ಲಿ 541 ಖಾಲಿ ಜಾಗಗಳನ್ನು ಚೀಟಿ ಎತ್ತಿದ ರೀತಿಯಲ್ಲಿ ಗುಂಪು ಮಾಡಿ, ಕೆಲವನ್ನು ಶುಚಿಗೊಳಿಸಿ ಹುಲ್ಲು, ಗಿಡ ಬೆಳೆಸಿದರು, ಕೆಲವನ್ನು ಹಾಗೇ ಬಿಟ್ಟರು. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ, ಬಡವರಿರುವ ಬಡಾವಣೆಗಳಲ್ಲಿ ಸುಧಾರಿಸಿದ ಜಾಗಗಳ ಸುತ್ತ ಬಂದೂಕಿನ ಹಿಂಸೆ ಶೇಕಡ 29ರಷ್ಟು ಇಳಿಯಿತು. ಅಲ್ಲಿ ಬದನೆಯೂ ಇರಲಿಲ್ಲ, ಟೊಮೆಟೊವೂ ಇರಲಿಲ್ಲ. ಕಸ ತೆಗೆದು ಹುಲ್ಲು ಹಾಕಿದ್ದಷ್ಟೇ.

ಆಲೂಗೆಡ್ಡೆ ಮೇಯರ್

ಗಿಬ್ ಬೀದಿಯ ತೋಟಕ್ಕೆ ನಿಜಜೀವನದ ಹಿರೀಕರಿದ್ದಾರೆ. 1893ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದು ಕೆಲಸವಿಲ್ಲದವರು ಬೀದಿ ತುಂಬಿದಾಗ, ಮರುವರ್ಷ ಡೆಟ್ರಾಯಿಟ್‌ನ ಮೇಯರ್ ಹೇಜನ್ ಪಿಂಗ್ರಿ ಊರ ಖಾಲಿ ಜಾಗಗಳನ್ನು ಅವರಿಗೆ ಬಿಟ್ಟುಕೊಟ್ಟರು. ಪತ್ರಿಕೆಗಳು ಆಲೂಗೆಡ್ಡೆ ಮೇಯರ್ ಎಂದು ಆಡಿಕೊಂಡವು. ಬೆಳೆ ಬಂದ ಮೇಲೆ ಬೇರೆ ನಗರಗಳೂ ಅದೇ ದಾರಿ ಹಿಡಿದವು. ಎರಡೂ ಮಹಾಯುದ್ಧಗಳಲ್ಲಿ ಸರ್ಕಾರವೇ ಮುಂದೆ ನಿಂತು ಹಿತ್ತಲ ಬೇಸಾಯ ಮಾಡಿಸಿತು. ಎರಡನೆಯದರ ಕಾಲಕ್ಕೆ 'ವಿಜಯದ ತೋಟ'ಗಳು ಸುಮಾರು 2 ಕೋಟಿ ಇದ್ದವೆಂದು ಅಂದಾಜು. 1943ರಲ್ಲಿ ಶ್ವೇತಭವನದ ಹುಲ್ಲುಹಾಸಿನಲ್ಲೂ ತರಕಾರಿ ಬೆಳೆಯಿತು. ಯುದ್ಧ ಮುಗಿದದ್ದೇ ತಡ, ಹೆಚ್ಚಿನವು ಮತ್ತೆ ಹುಲ್ಲಾದವು.

ಕ್ಲೀವ್‌ಲ್ಯಾಂಡಿನಲ್ಲೇ ಇನ್ನೊಂದು ಬಗೆಯ ತೋಟಗಳಿವೆ. ರಾಕ್‌ಫೆಲರ್ ಉದ್ಯಾನದಲ್ಲಿ 1916ರಲ್ಲಿ ಷೇಕ್ಸ್‌ಪಿಯರ್ ಹೆಸರಿನ ತೋಟದಿಂದ ಶುರುವಾಗಿ, ನಗರಕ್ಕೆ ಬಂದ ಒಂದೊಂದು ದೇಶದವರಿಗೂ ಒಂದೊಂದು ತೋಟ. ಗಾಂಧೀಜಿಯ ಪ್ರತಿಮೆಯಿರುವ ಭಾರತದ ತೋಟವೂ ಅಲ್ಲಿದೆ. ಅಂದವಾಗಿವೆ, ಶಾಂತವಾಗಿವೆ. ಆದರೆ ಪ್ರತಿಯೊಬ್ಬರದೂ ಪ್ರತ್ಯೇಕ. ಗಿಬ್ ಬೀದಿಯಲ್ಲಿ ಪೋಲೆಂಡಿನ ಕ್ಯಾರೆಟ್ಟಿಗೆ ಹಾಕಿದ ನೀರು ದೆಹಲಿಯ ಬದನೆಯ ಬುಡಕ್ಕೂ ಹರಿಯುತ್ತದೆ. ಜಗಳವೂ ಅಲ್ಲೇ, ಮಾತುಕತೆಯೂ ಅಲ್ಲೇ.

ನೆಲ ಯಾರದು

ಕಾದಂಬರಿ ಕೈಬಿಟ್ಟ ಪ್ರಶ್ನೆ ಇದು. ಜಾಗ ನಗರಾಡಳಿತದ್ದು ಎಂದು ಲಿಯೋನಾ ಕಂಡುಹಿಡಿದಳಲ್ಲ, ನಾಳೆ ನಗರಾಡಳಿತ ಅದನ್ನು ಮಾರಿದರೆ?

ನ್ಯೂಯಾರ್ಕಿನಲ್ಲಿ 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ ಗೆಳೆಯರೊಂದಿಗೆ ಸೇರಿ ಬಾವರಿ ಮತ್ತು ಹ್ಯೂಸ್ಟನ್ ಬೀದಿಗಳು ಕೂಡುವಲ್ಲಿನ ಕಸದ ಜಾಗವನ್ನು ತೋಟ ಮಾಡಿದರು. ಮರುವರ್ಷ ನಗರಾಡಳಿತ ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಒಪ್ಪಿತು. ಅಂಥ ತೋಟಗಳು ನೂರಾರಾದವು, ಸುತ್ತಲಿನ ಬೀದಿಗಳು ಹಸನಾದವು, ಹಸನಾದ ಬೀದಿಯಲ್ಲಿ ನೆಲದ ಬೆಲೆ ಏರಿತು. 1999ರಲ್ಲಿ ಮೇಯರ್ ರುಡಿ ಜೂಲಿಯಾನಿ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗಿಟ್ಟರು. ನಟಿ ಬೆಟ್ ಮಿಡ್ಲರ್ ಕಟ್ಟಿದ ಸಂಸ್ಥೆಯೂ ಭೂಮಿ ಸಂರಕ್ಷಣೆಯ ಇನ್ನೊಂದು ಸಂಸ್ಥೆಯೂ 40 ಲಕ್ಷ ಡಾಲರಿಗೂ ಮೇಲೆ ತೆತ್ತು ಅವನ್ನು ಉಳಿಸಿಕೊಂಡವು. ಲಾಸ್ ಏಂಜಲೀಸ್‌ನ 14 ಎಕರೆಯ ಸೌತ್ ಸೆಂಟ್ರಲ್ ತೋಟಕ್ಕೆ ಆ ಅದೃಷ್ಟ ಇರಲಿಲ್ಲ. ಅಲ್ಲಿ ಬೆಳೆಯುತ್ತಿದ್ದ ಸುಮಾರು 350 ಕುಟುಂಬಗಳನ್ನು 2006ರ ಜೂನಿನಲ್ಲಿ ಪೊಲೀಸರು ಎಬ್ಬಿಸಿದರು, ಬುಲ್ಡೋಜರ್ ಹರಿಯಿತು. ಹಸಿರು ಮಾಡಿದವರೇ ಆ ಹಸಿರು ಹುಟ್ಟಿಸಿದ ಬೆಲೆಗೆ ಬಲಿಯಾಗುವ ವಿಪರ್ಯಾಸ ಇದು.

ಈ ವಿಷಯದಲ್ಲಿ ಕ್ಲೀವ್‌ಲ್ಯಾಂಡ್ ಜಾಣತನ ತೋರಿದೆ. 1970ರ ದಶಕದಿಂದಲೇ ಬೀಜ, ಉಳುಮೆಗೆ ನೆರವಾಗುವ ಯೋಜನೆ ನಡೆಸಿಕೊಂಡು ಬಂದಿದೆ. 2007ರಲ್ಲಿ ಊರ ನಕ್ಷೆಯಲ್ಲಿ 'ನಗರ ತೋಟ' ಎಂಬ ಪ್ರತ್ಯೇಕ ವಲಯವನ್ನೇ ಮಾಡಿತು. ಹಾಗೆ ಗುರುತಿಸಿದ ಜಾಗದಲ್ಲಿ ಕಟ್ಟಡ ಎಬ್ಬಿಸಬೇಕಾದರೆ ಮೊದಲು ಸಾರ್ವಜನಿಕ ವಿಚಾರಣೆ ದಾಟಬೇಕು.

ಗಿಬ್ ಬೀದಿಯವರು ಯೋಚಿಸದ ಇನ್ನೊಂದು ಸಂಗತಿ ಸೀಸ. ಹಳೆಯ ಮನೆಗಳ ಬಣ್ಣದಲ್ಲಿ ಸೀಸವಿತ್ತು, ಕಾರಿನ ಪೆಟ್ರೋಲಿನಲ್ಲೂ ಇತ್ತು. ಮನೆ ಕೆಡವಿದ ಮಣ್ಣಿನಲ್ಲಿ ಅದು ಉಳಿದುಬಿಡುತ್ತದೆ. ಮಕ್ಕಳ ಮಿದುಳಿಗೆ ವಿಷ. ಹಾಗಾಗಿ ಇಂದು ಅಂಥ ಜಾಗದಲ್ಲಿ ಬೆಳೆಯುವವರು ಮೊದಲು ಮಣ್ಣು ಪರೀಕ್ಷೆ ಮಾಡಿಸುತ್ತಾರೆ, ಹಲಗೆ ಕಟ್ಟಿ ಹೊರಗಿನ ಮಣ್ಣು ತುಂಬಿ ಎತ್ತರದ ಮಡಿಯಲ್ಲಿ ಬಿತ್ತುತ್ತಾರೆ. ಕಥೆಯಲ್ಲಿ ಹಾಗೆ ಬೆಳೆದ ಒಬ್ಬನೇ, ಪಾರ್ಶ್ವವಾಯು ಬಡಿದ ಮೈಲ್ಸ್. ಗಾಲಿಕುರ್ಚಿಯಿಂದಲೇ ಕೈಗೆ ಎಟುಕಲೆಂದು ಬ್ರಿಟಿಷ್ ನರ್ಸ್ ನೋರಾ ಅವನಿಗೆ ಡ್ರಮ್ಮಿನಲ್ಲಿ ಮಣ್ಣು ತುಂಬಿ ಹೂವಿನ ಬೀಜ ಹಾಕಿಸುತ್ತಾಳೆ.

ಹದಿನಾಲ್ಕನೆಯ ದನಿ

ದೋಷವಿಲ್ಲದ ಪುಸ್ತಕವೇನಲ್ಲ. ಒಂದು ದೇಶಕ್ಕೆ ಒಬ್ಬರಂತೆ ಆರಿಸಿ ಕೂರಿಸಿದ ಹಾಗೆ ಕಾಣುತ್ತದೆ. ಒಬ್ಬೊಬ್ಬರಿಗೆ ನಾಲ್ಕಾರು ಪುಟವಾದ್ದರಿಂದ ಸೇ ಯಂಗ್ ಅಂಗಡಿ ಇಡಲೇಬೇಕು, ವರ್ಜಿಲ್‌ನ ಅಪ್ಪ ಟ್ಯಾಕ್ಸಿ ಓಡಿಸಲೇಬೇಕು. ಓದುಗನಿಗೆ ಮೊದಲೇ ಗೊತ್ತಿರುವ ಅಚ್ಚುಗಳಿವು. ಇಷ್ಟೊಂದು ಸಂಸ್ಕೃತಿಗಳ ಒಳಗಿನಿಂದ ಒಬ್ಬನೇ ಮಾತಾಡುವಾಗ ದನಿಗಳು ಅಲ್ಲಲ್ಲಿ ಒಂದರಂತೆ ಇನ್ನೊಂದು ಕೇಳಿಸುತ್ತವೆ. ಅಮೀರನ ದೆಹಲಿ ಯಾವ ಗಲ್ಲಿಯೂ ಇಲ್ಲದ ದೆಹಲಿ. ಆದರೆ ಗಟ್ಟಿಯಾಗಿ ಓದಿದಾಗ ಈ ಕೊರತೆ ಅರ್ಧ ಮಾಯವಾಗುತ್ತದೆ. ಮಿನಿಯಾಪೊಲಿಸ್‌ನ ಮಕ್ಕಳ ರಂಗತಂಡವೊಂದು ಇದನ್ನು ನಾಟಕ ಮಾಡಿದಾಗ ಎಲ್ಲ ಪಾತ್ರಗಳನ್ನೂ ಒಬ್ಬಳೇ ನಟಿ ಆಡಿದಳು.

ಈ ಪುಸ್ತಕ ಪಾಠ ಮಾಡುವ ಮೇಷ್ಟರುಗಳು ಕೊಡುವ ಒಂದು ಮಾಮೂಲಿ ಅಭ್ಯಾಸವಿದೆ: ತೋಟಕ್ಕೆ ಬರುವ ಹದಿನಾಲ್ಕನೆಯವರ ಅಧ್ಯಾಯ ಬರೆಯಿರಿ. ಮಕ್ಕಳು ತಮ್ಮ ಅಜ್ಜಿಯನ್ನೋ ಬೀದಿಯ ಅಂಗಡಿಯವನನ್ನೋ ತರುತ್ತಾರೆ. ಬರೆಯಬೇಕಾಗಿ ಬಂದರೆ ನಾನು ಆರಿಸುವುದು ಲಿಯೋನಾ ಕಸದ ಚೀಲ ಹೊತ್ತು ಹೋದ ಕಚೇರಿಯ ಗುಮಾಸ್ತನನ್ನು. ಇಡೀ ಕಥೆಯಲ್ಲಿ ಆ ಜಾಗದ ಕಡತ ಇರುವುದು ಅವನೊಬ್ಬನ ಮೇಜಿನ ಮೇಲೆ. ಅಲ್ಲಿದ್ದ ಮನೆ ಯಾವಾಗ ಬಿತ್ತು, ಎಷ್ಟು ವರ್ಷದ ಕಂದಾಯ ಬಾಕಿ, ಕೊಳ್ಳಲು ಯಾರಾದರೂ ಅರ್ಜಿ ಹಾಕಿದ್ದಾರೆಯೇ, ಎಲ್ಲ ಅವನಿಗೆ ಗೊತ್ತು. ಅವನಿಗೂ ಒಂದು ಊರು, ಒಬ್ಬ ಅಪ್ಪ, ಬಿಟ್ಟುಬಂದ ಒಂದು ಹಿತ್ತಿಲು ಇದ್ದೇ ಇರುತ್ತದೆ. ಆ ಕಡತವನ್ನು ಅವನು ಮೇಲಿನವರಿಗೆ ಕಳಿಸುತ್ತಾನೋ, ರಾಶಿಯ ಅಡಿಗೆ ಸೇರಿಸುತ್ತಾನೋ ಎಂಬುದರ ಮೇಲೆ ಮುಂದಿನ ವರ್ಷದ ಬಿತ್ತನೆ ನಿಂತಿದೆ.